ಮುಚ್ಚಿದ ಸ್ಟೇಷನ್ನಿನ ಹಳಿ, ಫರ್ಸಿ, ಮರ: ಕಲಬುರಗಿ ಗುಜರಿ ಮಾಲಿನ ವಿಮರ್ಶೆ

ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿ ಕಡೆಯ ಗುಜರಿ ಅಂಗಡಿಗಳಿಗೆ ರೈಲ್ವೆಯ ಹಳೇ ಮಾಲು ಬರುತ್ತಲೇ ಇರುತ್ತದೆ. ಎಲ್ಲೋ ಒಂದು ಹಳ್ಳಿ ಸ್ಟೇಷನ್ ಮುಚ್ಚಿ ಲೂಪ್ ಲೈನ್ (ಗಾಡಿ ಪಕ್ಕಕ್ಕೆ ನಿಲ್ಲುವ ಬದಿಯ ಹಳಿ) ಕಿತ್ತರೆ, ಗೂಡ್ಸ್ ಶೆಡ್ ಇಳಿಸಿದರೆ, ಅದರ ಹಳಿ, ಫರ್ಸಿ (ಹಾಸುಗಲ್ಲು), ಮರ, ಹಂಚು ಹರಾಜಾಗಿ ಈ ಅಂಗಡಿಗಳಿಗೆ ಸೇರುತ್ತವೆ. ಮನೆ, ದನದ ಕೊಟ್ಟಿಗೆ, ಹೊಲದ ಬೇಲಿ ಕಟ್ಟುವವರು ಕಡಿಮೆ ದರಕ್ಕೆ ಗಟ್ಟಿ ಮಾಲು ಸಿಕ್ಕಿತೆಂದು ಕೊಳ್ಳುತ್ತಾರೆ. ಊರ ಸ್ಟೇಷನ್ನಿನ ಚರಿತ್ರೆ ಹುಡುಕುವವರೂ ಇದೇ ರಾಶಿಯ ಮುಂದೆ ನಿಲ್ಲಬೇಕು, ಏಕೆಂದರೆ ಕಾಗದದಲ್ಲಿ ಉಳಿಯದ ಎಷ್ಟೋ ಸಂಗತಿ ಕಬ್ಬಿಣದ ಮೇಲೆ ಅಚ್ಚಾಗಿ ಉಳಿದಿರುತ್ತದೆ. ಈ ಇಬ್ಬರಿಗೂ ಬೇಕಾದದ್ದನ್ನು ಇಲ್ಲಿ ಸೇರಿಸಿದೆ.

ಮೊದಲು ತೀರ್ಪು. ಫರ್ಸಿ ಕಣ್ಣುಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ಕೊಳ್ಳಬಹುದು. ಸಾಗವಾನಿ ಸಿಕ್ಕರೆ ಬಿಡಬಾರದು. ಹಳಿಯನ್ನು ಕಂಬಕ್ಕೆ ಕೊಳ್ಳಿ, ಮಾಳಿಗೆಯ ತೊಲೆಗೆ ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಹಳಿಯ ಕೆಳಗೆ ಅಡ್ಡ ಹಾಕುವ ಮರದ ದಿಮ್ಮಿ, ಅಂದರೆ ಸ್ಲೀಪರನ್ನು, ಮನೆಯೊಳಗೆ ತರಬೇಡಿ.

ಮಾಲಿಗಿಂತ ಮುಂಚೆ ಕಾಗದ ನೋಡಬೇಕು. ರೈಲ್ವೆ ತನ್ನ ಗುಜರಿಯನ್ನು ಇ-ಹರಾಜಿನಲ್ಲಿ ಲಾಟ್ (ಒಟ್ಟು ರಾಶಿ) ಲೆಕ್ಕದಲ್ಲಿ ಮಾರುತ್ತದೆ. ಹರಾಜು ಹಿಡಿದವನಿಗೆ ಮಾರಾಟದ ಆದೇಶ, ಡೆಲಿವರಿ ಕಾಗದ, ಗೇಟ್ ಪಾಸ್ ಇರುತ್ತವೆ. ಅವನಿಂದ ಕೊಂಡ ಅಂಗಡಿಯವನ ಹತ್ತಿರ ಅವುಗಳ ನಕಲು ಇರಬೇಕು, ನಿಮಗೆ ಕೊಡುವ ಜಿಎಸ್‌ಟಿ ಬಿಲ್ಲಿನಲ್ಲಿ ತುಂಡುಗಳ ಸಂಖ್ಯೆ, ಉದ್ದ, ತೂಕ ಮೂರೂ ಬರೆದಿರಬೇಕು. 'ಹಳೇ ಕಬ್ಬಿಣ' ಎಂದಷ್ಟೇ ಬರೆದ ಚೀಟಿ ಸಾಲದು. 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯಡಿ ಮಾಲು ಕದ್ದದ್ದೆಂಬ ಸಕಾರಣ ಅನುಮಾನ ಬಂದರೆ, ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಇಟ್ಟುಕೊಂಡವನ ಮೇಲೇ ಬೀಳುತ್ತದೆ. ಮೊದಲ ಸಲದ ಅಪರಾಧಕ್ಕೇ 5 ವರ್ಷದವರೆಗೆ ಸೆರೆ ಇದೆ. ಬಿಲ್ಲಿನ ಜೊತೆಗೆ ಮಾಲಿನ ಫೋಟೊ ತೆಗೆದು ಇಟ್ಟುಕೊಳ್ಳಿ. ಮನೆಗೆ ಹಾಕಿ 20 ವರ್ಷವಾದ ಮೇಲೂ ಆ ಕಾಗದ ಬೇಕಾಗಬಹುದು. ಕಾಗದವಿಲ್ಲದ ಹಳಿ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ.

ಇನ್ನು ಹಳಿ. ಅಂಗಡಿಯಲ್ಲಿ ಎಲ್ಲದಕ್ಕೂ 'ಪಟ್ರಿ' ಎಂಬ ಒಂದೇ ಹೆಸರು, ಆದರೆ ಅಳತೆ ಬೇರೆ ಬೇರೆ. ಹಳಿಗೆ ಮೂರು ಭಾಗ: ಗಾಲಿ ಓಡುವ ತಲೆ, ನಡುವಿನ ತೆಳು ವೆಬ್, ಕೆಳಗಿನ ಅಗಲ ಪಾದ. ನೆಲದಿಂದ ತಲೆಯವರೆಗಿನ ಎತ್ತರವನ್ನೂ ಪಾದದ ಅಗಲವನ್ನೂ ಅಳೆದರೆ ಯಾವ ಹಳಿ ಎಂದು ತಿಳಿಯುತ್ತದೆ. ಎತ್ತರ 143 ಮಿ.ಮೀ, ಪಾದ 136.5 ಮಿ.ಮೀ ಇದ್ದರೆ ಅದು ಗಜಕ್ಕೆ 90 ಪೌಂಡ್ ತೂಗುವ ಹಳಿ, ಅಚ್ಚಿನಲ್ಲಿ 90 ಆರ್ ಎಂದಿರುತ್ತದೆ. ಮೀಟರಿಗೆ 44.6 ಕಿಲೊ, ಅಡಿಗೆ 13.6 ಕಿಲೊ ತೂಗುತ್ತದೆ. 75 ಆರ್ ಹಳಿಯ ಎತ್ತರ 128.6, ಪಾದ 122 ಮಿ.ಮೀ, ಅಡಿಗೆ 11.3 ಕಿಲೊ. 60 ಆರ್ ಹಳಿಯ ಎತ್ತರ 114, ಪಾದ 109.5, ಅಡಿಗೆ 9 ಕಿಲೊ. ಈಚಿನ ಹಳಿಗೆ ಮೀಟರಿನ ತೂಕದ ಮೇಲೆ ಹೆಸರು: 52 ಕಿಲೊ ಹಳಿಯ ಎತ್ತರ 156, ಪಾದ 136, ಅಡಿಗೆ 15.8 ಕಿಲೊ. 60 ಕಿಲೊ ಹಳಿಯ ಎತ್ತರ 172, ಪಾದ 150, ಅಡಿಗೆ 18.4 ಕಿಲೊ. 90 ಆರ್ ಮತ್ತು 52 ಕಿಲೊ ಹಳಿಗಳ ಪಾದ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪಾದ ಮಾತ್ರ ಅಳೆದವರು ಮೋಸ ಹೋಗುತ್ತಾರೆ. ಎತ್ತರವನ್ನು ಬಿಡಬೇಡಿ.

ಈ ತೂಕಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಕಾಟಾದ (ತೂಕದ ಯಂತ್ರದ) ಮೇಲೆ ಕಣ್ಣಿಡಬಹುದು. ಪೂರ್ತಿ 13 ಮೀಟರ್ ಉದ್ದದ 90 ಆರ್ ಹಳಿ ಹೊಸದಿದ್ದಾಗ 580 ಕಿಲೊ. ತಲೆ 1 ಮಿ.ಮೀ ಸವೆದರೆ ಮೀಟರಿಗೆ ಸುಮಾರು ಅರ್ಧ ಕಿಲೊ ಕಡಿಮೆಯಾಗುತ್ತದೆ. ಎತ್ತರ 137 ಮಿ.ಮೀಗೆ ಇಳಿದಿದ್ದರೆ ಆ ಹಳಿ 6 ಮಿ.ಮೀ ಸವೆದಿದೆ, ಹಾಗಾಗಿ 13 ಮೀಟರಿಗೆ 40 ಕಿಲೊದಷ್ಟು ಕಡಿಮೆ ತೂಗಬೇಕು. ಸವೆದ ಹಳಿಗೂ ಕಾಟಾದಲ್ಲಿ 580 ಕಿಲೊ ತೋರಿಸಿದರೆ ಬೇರೆ ಕಾಟಾಕ್ಕೆ ಒಯ್ಯಿರಿ.

ನಮ್ಮ ಕಡೆ ಹಳಿಗೆ ಇಷ್ಟು ಬೇಡಿಕೆ ಇರುವುದು ಫರ್ಸಿ ಮಾಳಿಗೆಯಿಂದ. ಗೋಡೆಯಿಂದ ಗೋಡೆಗೆ ಹಳಿ ಇಟ್ಟು, ಎರಡು ಹಳಿಗಳ ಪಾದದ ಮೇಲೆ ಶಹಾಬಾದ ಫರ್ಸಿ ಕೂರಿಸಿ, ಮೇಲೆ ಮಣ್ಣು, ಸುಣ್ಣದ ಗಚ್ಚು ಹಾಕುವುದು ಹಳೆಯ ಪದ್ಧತಿ. 90 ಆರ್ ಹಳಿಯ ಪಾದ ಎರಡೂ ಬದಿಗೆ 61 ಮಿ.ಮೀ ಚಾಚಿರುತ್ತದೆ, ಫರ್ಸಿ ಕೂರಲು ಅಷ್ಟು ಸಾಕು. ಶಕ್ತಿಯ ಮಾತೇನು? 2 ಇಂಚಿನ ಫರ್ಸಿ ಚದರ ಮೀಟರಿಗೆ ಸುಮಾರು 135 ಕಿಲೊ. 5 ಇಂಚು ಮಣ್ಣು, ಗಚ್ಚು 225 ಕಿಲೊ. ಜನ, ಒಣಹಾಕಿದ ತೊಗರಿ ಎಂದು 150 ಕಿಲೊ ಹಿಡಿದರೆ ಒಟ್ಟು 510. ಎರಡೂವರೆ ಅಡಿಗೊಂದು ಹಳಿ ಇಟ್ಟರೆ ಒಂದೊಂದು ಹಳಿಯ ಮೇಲೆ ಮೀಟರಿಗೆ 390 ಕಿಲೊ ಬೀಳುತ್ತದೆ, ಹಳಿಯ ಸ್ವಂತ ಭಾರ ಬೇರೆ. 12 ಅಡಿ ಕೋಣೆಗೆ 90 ಆರ್ ಹಳಿ ಇಷ್ಟು ಹೊತ್ತು ನಡುವಿನಲ್ಲಿ ಬರೀ 3 ಮಿ.ಮೀ ಬಾಗುತ್ತದೆ. 16 ಅಡಿಗೆ 10 ಮಿ.ಮೀ. ಎರಡೂ ಸುರಕ್ಷಿತ.

ಆದರೆ ಅದೇ 12 ಅಡಿ ಕೋಣೆಗೆ ಹೊಸ 150 ಮಿ.ಮೀ ಐ-ಗರ್ಡರ್ ಸಾಕು. ಅದು 6.5 ಮಿ.ಮೀ ಬಾಗುತ್ತದೆ, 11 ಮಿ.ಮೀವರೆಗೆ ಬಾಗುವುದಕ್ಕೆ ಅಡ್ಡಿಯಿಲ್ಲ. ಅದರ ತೂಕ ಮೀಟರಿಗೆ 15 ಕಿಲೊ ಮಾತ್ರ. 16 ಅಡಿಗೆ 200 ಮಿ.ಮೀ ಗರ್ಡರ್ ಬೇಕು, ಅದೂ 25 ಕಿಲೊ ಚಿಲ್ಲರೆ. ಅಂದರೆ ಹಳಿಯಲ್ಲಿ ಕೆಲಸಕ್ಕೆ ಬಾರದ ಜಾಗದಲ್ಲಿ ಕಬ್ಬಿಣ ತುಂಬಿದೆ. ಗಾಲಿಯ ಹೊಡೆತ, ಸವೆತ ತಡೆಯಲು ತಲೆ ದಪ್ಪ ಮಾಡಿದ್ದಾರೆ, ಮಾಳಿಗೆಗೆ ಆ ದಪ್ಪ ಬೇಡ. ಹಾಗಾಗಿ ಲೆಕ್ಕ ಸರಳ: 12 ಅಡಿ ಕೋಣೆಗೆ ಹಳಿಯ ಕಿಲೊ ದರ ಹೊಸ ಗರ್ಡರಿನ ದರದ ಮೂರನೇ ಒಂದಕ್ಕಿಂತ ಕೆಳಗಿದ್ದರೆ ಮಾತ್ರ ಉಳಿತಾಯ. 16 ಅಡಿಗೆ ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೂ ಲಾಭ. ಗುಜರಿ ದರ ಅಷ್ಟು ಕೆಳಗೆ ಸಿಗುವುದು ಅಪರೂಪ. ಅದರ ಮೇಲೆ 12 ಅಡಿಯ ಒಂದು ಹಳಿ 163 ಕಿಲೊ. ಗರ್ಡರನ್ನು ಇಬ್ಬರು ಎತ್ತುವಲ್ಲಿ ಹಳಿಗೆ ಆರು ಜನ ಹಮಾಲರು ಬೇಕು. ಹಳಿ ಹಾಕಿದರೆ ಮನೆ ಗಟ್ಟಿ ಎನ್ನುವ ನಂಬಿಕೆ ಸುಳ್ಳಲ್ಲ, ದುಬಾರಿ ಅಷ್ಟೇ.

ಕಂಬದ ವಿಷಯಕ್ಕೆ ಬಂದರೆ ಹಳಿಯ ಮುಂದೆ ಬೇರೇನೂ ನಿಲ್ಲುವುದಿಲ್ಲ. ಗೇಟಿನ ಕಂಬ, ಕೊಟ್ಟಿಗೆಯ ಕಂಬ, ಬಂಡಿದಾರಿಯ ಪಕ್ಕದ ಬೇಲಿ, ಹಳ್ಳದ ದಂಡೆಯ ತಡೆಗೋಡೆ, ಎಲ್ಲದಕ್ಕೂ 60 ಆರ್ ಇಲ್ಲವೆ 75 ಆರ್ ತುಂಡು ತೆಗೆದುಕೊಳ್ಳಿ. 8 ಅಡಿ ಕಂಬಕ್ಕೆ ಎರಡೂವರೆ ಅಡಿ ನೆಲದಲ್ಲಿ ಹೂಳಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಬರೀ ಮಣ್ಣಲ್ಲಿ ಹೂತ ಕಂಬ ಎರಡು ವರ್ಷದಲ್ಲಿ ವಾಲುತ್ತದೆ. ಬುಡಕ್ಕೆ ಮುರುಮ್ (ಗರಸು ಮಣ್ಣು) ಹಾಕಿ ಕುಟ್ಟಿ ಕಾಂಕ್ರೀಟ್ ತುಂಬಿ, ಕಾಂಕ್ರೀಟನ್ನು ನೆಲಕ್ಕಿಂತ ಎರಡು ಇಂಚು ಮೇಲೆ ತಂದು ನೀರು ಜಾರುವಂತೆ ಇಳಿಜಾರು ಕೊಡಿ. ಹಳಿ ತುಕ್ಕು ಹಿಡಿದು ಮುರಿಯುವುದು ನೆಲ ಮತ್ತು ಗಾಳಿ ಕೂಡುವ ಗೆರೆಯಲ್ಲೇ.

ಹಳಿಯಲ್ಲಿ ಹುಡುಕಬೇಕಾದ ದೋಷ ಮೂರು. ಮೊದಲನೆಯದು ಪಾದದ ತುಕ್ಕು. ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತಿದ್ದವು, ಡಬ್ಬಿಗಳ ಶೌಚಾಲಯದ ನೀರು ನೇರ ಹಳಿಯ ಮೇಲೆ ಬೀಳುತ್ತಿತ್ತು. ಆದ್ದರಿಂದ ಸ್ಟೇಷನ್ ಹಳಿಯ ಪಾದ ನಡುದಾರಿಯ ಹಳಿಗಿಂತ ಹೆಚ್ಚು ತಿಂದುಹೋಗಿರುತ್ತದೆ. ಸ್ಲೀಪರ್ ಕೂತಿದ್ದ ಜಾಗದಲ್ಲಿ, ಅಂದರೆ ಹೆಚ್ಚುಕಡಿಮೆ ಪ್ರತಿ 60–65 ಸೆಂ.ಮೀಗೆ, ಪಾದದ ಅಂಚಿನಲ್ಲಿ ಹಲ್ಲು ಕಚ್ಚಿದಂತೆ ತಗ್ಗು ಕಾಣುತ್ತದೆ. ಹಳಿಯನ್ನು ತಿರುವಿಹಾಕಿಸಿ ಅಡಿಭಾಗವನ್ನೂ ನೋಡಿ. ತೊಲೆಗೆ ಇದೇ ಪಾದ ಎಳೆತ ಹೊರುವ ಭಾಗ, ಫರ್ಸಿ ಕೂರುವ ಜಾಗವೂ ಇದೇ. ಅಂಚು ತಿಂದ ಹಳಿಯನ್ನು ಕಂಬಕ್ಕಷ್ಟೇ ಇಟ್ಟುಕೊಳ್ಳಿ.

ಎರಡನೆಯದು ತುದಿಯ ಬೋಲ್ಟ್ ತೂತು. ಹಳಿಗೆ ಹಳಿ ಕೂಡಿಸುವ ಫಿಶ್‌ಪ್ಲೇಟಿನ ತೂತುಗಳಿಂದ ನಕ್ಷತ್ರದ ಕಾಲಿನಂತೆ ಬಿರುಕು ಹೊರಡುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಸೀಮೆಎಣ್ಣೆಯಿಂದ ಹಿಡಿಯಬಹುದು. ತೂತಿನ ಸುತ್ತ ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಹೋದ ಎಣ್ಣೆ ಹೊರಬಂದು ಬಿಳಿಯ ಮೇಲೆ ತೇವದ ಗೆರೆ ಮೂಡುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಎರಡೂ ತುದಿಯ ಒಂದೂವರೆ ಅಡಿ ಕತ್ತರಿಸಿ ಬಿಟ್ಟುಬಿಡಿ.

ಮೂರನೆಯದು ಹಳಿಯ ದೋಷವಲ್ಲ, ನಾವು ಮಾಡಿಕೊಳ್ಳುವುದು. ಸಾಮಾನ್ಯ ಗರ್ಡರಿನಲ್ಲಿ ಇಂಗಾಲ ಶೇ. 0.2ರ ಆಸುಪಾಸು. ಹಳಿಯಲ್ಲಿ 0.45ರಿಂದ 0.8ರವರೆಗೆ. ಈ ಉಕ್ಕಿಗೆ ಊರ ವೆಲ್ಡಿಂಗ್ ಅಂಗಡಿಯ ಸಾದಾ ರಾಡಿನಿಂದ ವೆಲ್ಡ್ ಹೊಡೆದರೆ, ಬೆಸುಗೆಯ ಪಕ್ಕದ ಉಕ್ಕು ಬೇಗ ತಣ್ಣಗಾಗಿ ಗಾಜಿನಷ್ಟು ಪೆಡಸಾಗುತ್ತದೆ. ಆ ದಿನ ಗಟ್ಟಿಯಾಗೇ ಕಾಣುತ್ತದೆ, ಭಾರ ಬಿದ್ದ ಮೇಲೆ ಪಟ್ಟನೆ ಸೀಳುತ್ತದೆ. ಎರಡು ತುಂಡು ಹಳಿಯನ್ನು ವೆಲ್ಡ್ ಮಾಡಿ ಉದ್ದ ತೊಲೆ ಮಾಡುವುದು ಸಾವಿಗೆ ದಾರಿ. ಇದನ್ನು ಯಾವ ಗೌಂಡಿ ಹೇಳಿದರೂ ಒಪ್ಪಬೇಡಿ. ಕೂಡಿಸಲೇಬೇಕಾದರೆ ಕಂಬದ ಮೇಲೆ ಎರಡೂ ತುದಿ ಕೂರಿಸಿ ಫಿಶ್‌ಪ್ಲೇಟು, ಬೋಲ್ಟು ಹಾಕಿ. ತೂತನ್ನು ಗ್ಯಾಸಿನಿಂದ ಸುಡಬಾರದು. ನಿಧಾನ ತಿರುಗುವ ಡ್ರಿಲ್‌ಗೆ ಒಳ್ಳೆ ಬಿಟ್ ಹಾಕಿ, ಎಣ್ಣೆ ಬಿಡುತ್ತ ಕೊರೆಯಬೇಕು. ಉದ್ದ ಕತ್ತರಿಸಲು ಕಟಿಂಗ್ ಚಕ್ರವೇ ಒಳ್ಳೆಯದು. ಗ್ಯಾಸ್ ಕಟಿಂಗ್ ಆದ ತುದಿ ಗೋಡೆಯೊಳಗೆ ಹೋಗುವಂತಿದ್ದರೆ ಪರವಾಗಿಲ್ಲ, ನಡುವಿನಲ್ಲಿ ಗ್ಯಾಸ್ ತಾಗಿದ ಹಳಿಯನ್ನು ತೊಲೆಗೆ ಕೊಳ್ಳಬೇಡಿ.

ಕತ್ತರಿಸುವ ಮಾತು ಬಂದಾಗ ಒಂದು ಬೇಡಿಕೆ. ಹಳಿಯ ವೆಬ್ ಮೇಲೆ ಉಬ್ಬು ಅಕ್ಷರಗಳ ಅಚ್ಚು ಇರುತ್ತದೆ: ಹಳಿಯ ಅಳತೆ, ಉಕ್ಕಿನ ದರ್ಜೆ, ತಯಾರಿಸಿದ ಕಾರ್ಖಾನೆ, ರೋಮನ್ ಅಂಕಿಯಲ್ಲಿ ತಿಂಗಳು, ವರ್ಷ, ಉರುಳಿಸಿದ ದಿಕ್ಕು ತೋರಿಸುವ ಬಾಣ. ಈಚಿನ ಹಳಿಯಲ್ಲಿ ಇದು ಒಂದೂವರೆಯಿಂದ ಮೂರು ಮೀಟರಿಗೊಮ್ಮೆ ಮರುಕಳಿಸುತ್ತದೆ. ಆರು ಅಡಿಗೆ ತುಂಡು ಮಾಡಿದರೆ ಕೆಲವು ತುಂಡಿನಲ್ಲಿ ಅಚ್ಚೇ ಇರದು, ಕೆಲವದರಲ್ಲಿ ಅರ್ಧಕ್ಕೆ ಕಡಿದುಹೋಗುತ್ತದೆ. ಕತ್ತರಿಸುವ ಮುಂಚೆ ಅಚ್ಚಿನ ಫೋಟೊ ತೆಗೆಯಿರಿ. ಗ್ರೈಂಡರ್ ಹಿಡಿಯಬೇಡಿ, ಅಕ್ಷರ ಸವೆಯುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ಉದುರಿಸಿ, ಸೀಮೆಸುಣ್ಣವನ್ನು ಮಲಗಿಸಿ ಉಬ್ಬಿನ ಮೇಲೆ ಉಜ್ಜಿ, ಟಾರ್ಚನ್ನು ಹಳಿಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ನೂರು ವರ್ಷದ ಅಚ್ಚೂ ಎದ್ದು ಕಾಣುತ್ತದೆ.

ಅಚ್ಚನ್ನು ಓದಲು ಊರ ರೈಲಿನ ಚರಿತ್ರೆ ಗೊತ್ತಿರಬೇಕು. ಅಂಗಡಿಯವರು ಹಳೆಯದೆಲ್ಲವನ್ನೂ 'ನಿಜಾಮ್ ಕಾಲದ್ದು' ಎಂದು ಮಾರುತ್ತಾರೆ. ಕಲಬುರಗಿಯ ಮುಖ್ಯ ಹಳಿ ಹಾಕಿದ್ದು ನಿಜಾಮರಲ್ಲ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಮುಂಬಯಿಯಿಂದ ಹೊರಟ ಆ ಕಂಪನಿಯ ಹಳಿ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ನಿಜಾಮರ ರೈಲು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗುವುದು, 1874ರಲ್ಲಿ ತೆರೆದದ್ದು. ಅದು ಆಮೇಲೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಕಂಪನಿಯ ಕೈಗೆ ಹೋಗಿ, 1930ರಲ್ಲಿ ಹೈದರಾಬಾದ್ ಸರ್ಕಾರದ ನಿಜಾಮ್ ಸ್ಟೇಟ್ ರೈಲ್ವೆ ಆಯಿತು. 1951ರಲ್ಲಿ ಎರಡೂ ಸೆಂಟ್ರಲ್ ರೈಲ್ವೆಯಲ್ಲಿ ಸೇರಿದವು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. ಕಂಪನಿಯ ಮೊದಲಕ್ಷರ ಅಚ್ಚಿನಲ್ಲೋ ಎರಕದಲ್ಲೋ ಸಿಕ್ಕರೆ ಈ ಇಸವಿಗಳ ನಡುವೆ ಕೂರಿಸಿ ನೋಡಿ. ಕಾರ್ಖಾನೆಯ ಹೆಸರೂ ನೆರವಾಗುತ್ತದೆ. ಬ್ಯಾರೋ, ಕ್ಯಾಮೆಲ್, ಬೋಲ್ಕೋ ವಾನ್ ಎಂದಿದ್ದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಟಿಸ್ಕೊ (ಟಾಟಾ ಉಕ್ಕಿನ ಕಂಪನಿ) ಎಂದಿದ್ದರೆ 1912ರ ಈಚಿನದು, ಜಮ್‌ಶೆಡ್‌ಪುರದಲ್ಲಿ ಉಕ್ಕು ಹರಿದದ್ದೇ ಆಗ. ಭಿಲಾಯಿ ಎಂದಿದ್ದರೆ 1960ರಿಂದೀಚೆಗೆ. ಕಿಲೊ ಲೆಕ್ಕದ ಹೆಸರಿದ್ದರೆ ದೇಶ ಮೆಟ್ರಿಕ್ ಅಳತೆಗೆ ಬಂದ ಮೇಲಿನದು.

ಮಾರ್ಗ ಗೊತ್ತಿದ್ದರೆ ಸುಳ್ಳೂ ಹಿಡಿಯಬಹುದು. 'ಕಮಲಾಪುರದ ಹಳೇ ಸ್ಟೇಷನ್ ಪಟ್ರಿ' ಎಂದು ಹೇಳಿದರೆ ನಂಬಬೇಡಿ. ಕಲಬುರಗಿ–ಬೀದರ 110 ಕಿ.ಮೀ ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು, ಅಲ್ಲಿ ಅದಕ್ಕೂ ಮುಂಚೆ ಹಳೇ ಸ್ಟೇಷನ್ ಇರಲೇ ಇಲ್ಲ. ಆಳಂದ ಹೆಸರು ಹೇಳಿದರೂ ಹಾಗೇ. ಬೀದರ ಪಟ್ಟಣಕ್ಕೆ ರೈಲು ಬಂದದ್ದು ವಿಕಾರಾಬಾದ್ ಕಡೆಯಿಂದ, ನಿಜಾಮರ ಕಾಲದಲ್ಲೇ. ಆ ಕಡೆಯ ಮಾಲಾದರೆ 'ನಿಜಾಮ್' ಮಾತು ಒಪ್ಪಬಹುದು. 60 ಆರ್ ಹಳಿ ಕಂಡರೆ ಮೀಟರ್ ಗೇಜ್ ನೆನಪಾಗಲಿ. ಕಲಬುರಗಿಯ ಮುಖ್ಯ ಮಾರ್ಗಗಳು ಮೊದಲಿಂದ ಬ್ರಾಡ್ ಗೇಜ್, ಹೋಟಗಿ–ವಿಜಯಪುರ–ಗದಗ ಮಾರ್ಗ ಮೀಟರ್ ಗೇಜ್ ಆಗಿತ್ತು. ಅದು ಬ್ರಾಡ್ ಆದಾಗ ಕಿತ್ತ ಹಳಿ ಈ ಕಡೆಗೂ ಬಂದಿರಲು ಸಾಧ್ಯ. ಇನ್ನೂ ತೆಳ್ಳನೆಯ 30 ಪೌಂಡಿನ ಹಳಿ ಹೆಚ್ಚಾಗಿ ಗಣಿ ಟ್ರಾಲಿಯದು.

ಊರ ಚರಿತ್ರೆ ಬರೆಯುವವರು ಹೆಚ್ಚಾಗಿ ಎಡವುವುದು ಒಂದು ಕಡೆ. ಹಳಿಯ ಮೇಲೆ 1898 ಎಂದಿದ್ದರೆ ಸ್ಟೇಷನ್ 1898ರದು ಎಂದು ಬರೆದುಬಿಡುತ್ತಾರೆ. ಹಳಿ ಒಂದೇ ಕಡೆ ಹುಟ್ಟಿ ಸಾಯುವುದಿಲ್ಲ. ಮುಖ್ಯ ಲೈನಿನಲ್ಲಿ ಸವೆದ ಹಳಿಯನ್ನು ಕಿತ್ತು ಕವಲು ಮಾರ್ಗಕ್ಕೆ, ಅಲ್ಲಿಂದ ಲೂಪಿಗೆ, ಅಲ್ಲಿಂದ ಸಾಮಾನು ತುಂಬುವ ಗೂಡ್ಸ್ ಸೈಡಿಂಗಿಗೆ, ಕಡೆಗೆ ಬೇಲಿ ಕಂಬಕ್ಕೆ ಇಳಿಸುತ್ತ ಹೋಗುತ್ತಾರೆ. ಹಾಗಾಗಿ ಅಚ್ಚಿನ ವರ್ಷ ಹೇಳುವುದು ಇಷ್ಟೇ: ಈ ಹಳಿ ಆ ವರ್ಷಕ್ಕಿಂತ ಮುಂಚೆ ಎಲ್ಲೂ ಬಿದ್ದಿರಲಿಲ್ಲ. ಒಂದು ಲಾಟಿನಲ್ಲಿ 40 ಹಳಿ ಇದ್ದರೆ ಅತಿ ಹಳೆಯದನ್ನಲ್ಲ, ಅತಿ ಹೊಸದನ್ನು ಹುಡುಕಿ. 1898, 1911, 1927 ಎಲ್ಲ ಕಲಸಿ ಇದ್ದು ಕಡೆಯದು 1958 ಆಗಿದ್ದರೆ, ಆ ಲೂಪನ್ನು ಕೊನೆಯ ಸಲ ಮುಟ್ಟಿ ಹಾಕಿದ್ದು 1958ರ ನಂತರ. ಆಮೇಲಿನ ಒಂದು ಹಳಿಯೂ ಇಲ್ಲವೆಂದರೆ ಅಲ್ಲಿಂದ ಮುಂದೆ ಆ ಸ್ಟೇಷನ್ನಿಗೆ ಯಾರೂ ಖರ್ಚು ಮಾಡಿಲ್ಲ ಎಂದು ಊಹಿಸಬಹುದು. ಮುಖ್ಯ ಲೈನ್ ಮತ್ತು ಲೂಪಿನ ಹಳಿ ಒಂದೇ ರಾಶಿಯಲ್ಲಿ ಬೆರೆತಿದ್ದರೆ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ಲಾಟ್ ಎಲ್ಲಿಂದ ಎತ್ತಿದ್ದೆಂದು ಡೆಲಿವರಿ ಕಾಗದದಲ್ಲಿ ನೋಡಬೇಕು. ಸುಮಾರು 700 ಮೀಟರಿನ ಒಂದು ಲೂಪಿನಿಂದ 90 ಆರ್ ಆದರೆ 62 ಟನ್, 13 ಮೀಟರಿನ 108 ಹಳಿ ಬರುತ್ತದೆ. ಲಾಟ್ ಇದಕ್ಕಿಂತ ಬಹಳ ದೊಡ್ಡದಿದ್ದರೆ ಬೇರೆ ಕಡೆಯದೂ ಸೇರಿದೆ.

ಸ್ಟೇಷನ್ ಒಂದೇ ದಿನಕ್ಕೆ ಮುಚ್ಚುವುದಿಲ್ಲ, ಅಂಗ ಅಂಗವಾಗಿ ಮುಚ್ಚುತ್ತದೆ. ಅದರ ಮಾಲೂ ಅದೇ ಕ್ರಮದಲ್ಲಿ ಹೊರಬೀಳುತ್ತದೆ. ಒಂಟಿ ಹಳಿಯ ಕಾಲದಲ್ಲಿ ಎದುರುಬದುರು ಗಾಡಿ ದಾಟಲು ಕೆಲವೇ ಮೈಲಿಗೊಂದು ಲೂಪ್ ಬೇಕಿತ್ತು, ಹತ್ತಿರ ದೊಡ್ಡ ಊರಿಲ್ಲದಿದ್ದರೂ ಸ್ಟೇಷನ್ ಹುಟ್ಟಿದ್ದು ಅದಕ್ಕೇ. ಜೊತೆಗೆ ತೊಗರಿ, ಹತ್ತಿ, ಸೇಂಗಾ, ಫರ್ಸಿ ತುಂಬಲು ಒಂದೆರಡು ವ್ಯಾಗನ್ ನಿಲ್ಲುವ ಸೈಡಿಂಗ್. 1980ರ ದಶಕದಲ್ಲಿ ರೈಲ್ವೆ ಬಿಡಿ ವ್ಯಾಗನ್ ಬಿಟ್ಟು ಇಡೀ ಗಾಡಿ ತುಂಬುವ ಪದ್ಧತಿಗೆ ಹೊರಳಿದಾಗ ಮೊದಲು ಸತ್ತದ್ದು ಈ ಸೈಡಿಂಗು, ಗೂಡ್ಸ್ ಶೆಡ್ಡು. ಉಗಿಬಂಡಿ ಹೋದ ಮೇಲೆ ನೀರಿನ ಕಂಬ, ಟ್ಯಾಂಕಿ ಹೋದವು. ಜೋಡಿ ಹಳಿ ಬಂದಾಗ, ಸಿಗ್ನಲ್ ದೂರದಿಂದಲೇ ನಡೆಯುವಂತಾದಾಗ ಲೂಪ್ ಬೇಡವಾಯಿತು. ಲೂಪ್ ಹೋದರೆ ಸ್ಟೇಷನ್ ಮಾಸ್ತರರಿಗೆ ಕೆಲಸವಿಲ್ಲ. ಸ್ಟೇಷನ್ ಹೋಗಿ ಹಾಲ್ಟ್ (ಬರೀ ನಿಲುಗಡೆ) ಆಗುತ್ತದೆ, ಕಮಿಷನ್ ಮೇಲೆ ಏಜೆಂಟ್ ಟಿಕೆಟ್ ಕೊಡುತ್ತಾನೆ. ಟಿಕೆಟ್ ಕಮ್ಮಿಯಾದರೆ ಅವನೂ ಬಿಡುತ್ತಾನೆ. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಓಡಿದಾಗ ದೇಶದ ಎಷ್ಟೋ ಸಣ್ಣ ಹಾಲ್ಟುಗಳಿಗೆ ನಿಲುಗಡೆ ವಾಪಸ್ ಬರಲಿಲ್ಲ. ಆದ್ದರಿಂದ 'ಸ್ಟೇಷನ್ ಯಾವಾಗ ಮುಚ್ಚಿತು' ಎಂದು ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತಾರೆ, ಎಲ್ಲರದೂ ನಿಜವೇ ಇರುತ್ತದೆ. ಸಾಮಾನು ಬುಕ್ಕಿಂಗ್ ಯಾವಾಗ ನಿಂತಿತು, ಮಾಸ್ತರರು ಯಾವಾಗ ಹೋದರು, ಟಿಕೆಟ್ ಕಿಟಕಿ ಯಾವಾಗ ಮುಚ್ಚಿತು, ಕಡೆಯ ಗಾಡಿ ಯಾವಾಗ ನಿಂತಿತು ಎಂದು ಬಿಡಿಸಿ ಕೇಳಿ.

ಫರ್ಸಿಗೆ ಬರೋಣ, ಈ ಗುಜರಿಯಲ್ಲಿ ಅತಿ ಒಳ್ಳೆಯ ಮಾಲು ಇದೇ. ಪ್ಲಾಟ್‌ಫಾರ್ಮ್, ಪಾರ್ಸೆಲ್ ಕೋಣೆ, ವರಾಂಡದಿಂದ ಎಬ್ಬಿಸಿದ ಶಹಾಬಾದ ಕಲ್ಲು ದಪ್ಪ ಇರುತ್ತದೆ, ಎರಡು ಇಂಚಿನ ಮೇಲೂ ಸಿಗುತ್ತದೆ. ಅಂಚು ಉಳಿಯಿಂದ ಹೊಡೆದು ಒರಟಾಗಿದ್ದರೆ ಕೈಕೆಲಸದ ಹಳೇ ಕಲ್ಲು, ಗರಗಸದ ನೇರ ಗೆರೆ ಇದ್ದರೆ ಈಚಿನದು. ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿಗೆಯ ಹಿಡಿಕೆಯಿಂದ ತಟ್ಟಿ. ಖಣಿಲ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಪದರ ಬಿಟ್ಟ ಕಲ್ಲು ಅಂಗಳಕ್ಕೆ ನಡೆಯುತ್ತದೆ, ಮಾಳಿಗೆಗೆ ಬೇಡ. ಗೂಡ್ಸ್ ಶೆಡ್ಡಿನ ಕಲ್ಲಿಗೆ ಎಣ್ಣೆ, ಗ್ರೀಸ್ ಕಲೆ ಇರುತ್ತದೆ. ಸುಣ್ಣದ ಪುಡಿಯನ್ನು ಸೋಪಿನ ನೀರಲ್ಲಿ ಗಟ್ಟಿ ಕಲಸಿ ಕಲೆಯ ಮೇಲೆ ಮೆತ್ತಿ, ಒಣಗಿದ ಮೇಲೆ ಕೆರೆದು, ಎರಡು ಮೂರು ಸಲ ಹಾಗೆ ಮಾಡಿದರೆ ಬಹಳಷ್ಟು ಹೀರುತ್ತದೆ. ಹಳೇ ಗಾರೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಉಳಿಯಿಂದ ಬಿಡಿಸಿ. ಯಾವ ಕಾರಣಕ್ಕೂ ಆ್ಯಸಿಡ್ ಸುರಿಯಬೇಡಿ. ಇದು ಸುಣ್ಣದಕಲ್ಲು, ಆ್ಯಸಿಡ್ ಬಿದ್ದ ಕಡೆ ನೊರೆ ಎದ್ದು ಕಲ್ಲೇ ಕರಗುತ್ತದೆ. ಸಿಮೆಂಟ್ ಕಲೆ ತೆಗೆಯಲು ಹೋಗಿ ನೂರು ವರ್ಷ ಜನ ನಡೆದು ಬಂದ ನುಣುಪನ್ನು ಒಂದು ಗಳಿಗೆಯಲ್ಲಿ ಹಾಳುಮಾಡಿದ ನೆಲಗಳು ಬೇಕಾದಷ್ಟಿವೆ.

ಮರದಲ್ಲಿ ಎರಡು ಬಗೆ. ಛಾವಣಿಯ ಸಾಗವಾನಿ ಕೈಮರ, ಬಾಗಿಲ ಚೌಕಟ್ಟು ಒಣಗಿ ನೆಟ್ಟಗಾದ ಮರ, ಹೊಸದಕ್ಕಿಂತ ಮೇಲು. ಗೋಡೆಯೊಳಗಿದ್ದ ತುದಿಯನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಿ, ಗೆದ್ದಲು, ಕೊಳೆ ಅಲ್ಲಿಂದಲೇ ಶುರು. ಮರದ ಸ್ಲೀಪರ್ ಬೇರೆಯೇ ಮಾಲು. ಬ್ರಾಡ್ ಗೇಜಿನದು 9 ಅಡಿ ಉದ್ದ, 10 ಇಂಚು ಅಗಲ, 5 ಇಂಚು ದಪ್ಪ. ಕಪ್ಪಗಿದ್ದು ಡಾಂಬರಿನ ವಾಸನೆ ಬಂದರೆ ಕೊಳೆಯದಿರಲು ಕ್ರಿಯೋಸೋಟ್ ಎಣ್ಣೆ ಕುಡಿಸಿದ ಮರ. ಅದು ವಿಷ. ಮಂಚ, ಕಪಾಟು, ಅಡುಗೆಮನೆ, ದನದ ಗೋದಲಿ ಯಾವುದಕ್ಕೂ ಸಲ್ಲದು. ಒಲೆಗೆ, ಹೋಟೆಲ್ ಭಟ್ಟಿಗೆ ಹಾಕಿದರೆ ಹೊಗೆ ರೊಟ್ಟಿಗೂ ಉಸಿರಿಗೂ ಸೇರುತ್ತದೆ. ಹೊಲದ ಕಾಲುದಾರಿಗೆ ಮಾತ್ರ ಬಳಸಿ. ಸಾ ಮಿಲ್ಲಿಗೆ ಒಯ್ದರೂ ಒಳಗೆ ಮುರಿದು ಉಳಿದ ಮೊಳೆ ತುದಿಗೆ ಗರಗಸದ ಹಲ್ಲು ಹಾರುವುದರಿಂದ ಅವರು ಮುಟ್ಟುವುದಿಲ್ಲ.

ಎರಕದ ಕಬ್ಬಿಣದ ಸ್ಲೀಪರ್ ತಟ್ಟೆಗಳು ಕರಗಿಸಲು ಮಾತ್ರ. ವೆಲ್ಡ್ ಹಿಡಿಯುವುದಿಲ್ಲ, ಸುತ್ತಿಗೆ ಏಟಿಗೆ ಒಡೆಯುತ್ತವೆ. ಎರಕದಲ್ಲಿ ವರ್ಷ ಇದ್ದರೆ ಬರೆದುಕೊಳ್ಳಿ. ಮಂಗಳೂರು ಹಂಚು ಚದರ ಮೀಟರಿಗೆ 15ರ ಸುಮಾರು ಬೇಕು, ಒಡೆಯುವುದಕ್ಕೆಂದು ಶೇ. 10 ಹೆಚ್ಚು ಕೊಳ್ಳಿ. ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ ಮುದ್ರೆ ಇದ್ದರೆ ಅದು ಮೊದಲ ಮಹಾಯುದ್ಧದ ಕಾಲದವರೆಗಿನದು, ಆಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಳಿಯ ಹಾಗೆ ಹಂಚು ಊರೂರು ಅಲೆಯುವುದಿಲ್ಲ. ಆದ್ದರಿಂದ ಕಟ್ಟಡದ ಕಾಲ ಹೇಳಲು ಹಳಿಯ ಅಚ್ಚಿಗಿಂತ ಹಂಚಿನ ಮುದ್ರೆಯನ್ನು ಹೆಚ್ಚು ನಂಬುತ್ತೇನೆ.

ಸಿಗ್ನಲ್ ದೀಪ, ಕೈದೀಪ, ನೀಲ್ಸ್ ಟೋಕನ್ ಉಂಡೆ ಅಂಗಡಿಯಲ್ಲಿ ಕಂಡರೆ ಎರಡು ಸಲ ಯೋಚಿಸಿ. ಟೋಕನ್ ಉಂಡೆಯ ಮೇಲೆ ಆ ತುಂಡು ಮಾರ್ಗದ ಎರಡೂ ತುದಿಯ ಸ್ಟೇಷನ್ನುಗಳ ಗುರುತು, ಕ್ರಮಸಂಖ್ಯೆ ಕೊರೆದಿರುತ್ತದೆ. ಡ್ರೈವರ್ ಕೈಯಲ್ಲಿ ಆ ಉಂಡೆ ಇಲ್ಲದೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ. ಒಂದೊಂದನ್ನೂ ಎಣಿಸಿ ಲೆಕ್ಕ ಇಡುತ್ತಿದ್ದ ವಸ್ತು ಗುಜರಿಗೆ ಸುಮ್ಮನೆ ಬರದು. ಕಾಗದ ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಇದ್ದರೂ ಮನೆಯ ಗೂಡಿಗಿಂತ ರೈಲ್ವೆಯ ವಸ್ತುಸಂಗ್ರಹಾಲಯವೇ ಅದಕ್ಕೆ ತಕ್ಕ ಜಾಗ.

ಕೊಳ್ಳಲೇಬೇಕಾದ ಒಂದು ವಸ್ತುವನ್ನು ಅಂಗಡಿಯವರು ಬೆಲೆಯಿಲ್ಲದ್ದೆಂದು ರಾಶಿಗೆ ಎಸೆದಿರುತ್ತಾರೆ: ಸ್ಟೇಷನ್ ಗಂಟೆ. ಸಣ್ಣ ಸ್ಟೇಷನ್ನುಗಳಲ್ಲಿ ಹಿತ್ತಾಳೆ ಗಂಟೆಯ ಬದಲು ಎರಡು ಮೂರು ಅಡಿ ಹಳಿಯ ತುಂಡನ್ನು ಬೋಲ್ಟ್ ತೂತಿನಿಂದ ತಂತಿ ಪೋಣಿಸಿ ನೇತುಹಾಕುತ್ತಿದ್ದರು. ಅದಕ್ಕೆ ಬಳಸುತ್ತಿದ್ದದ್ದು ಕೈಗೆ ಸಿಕ್ಕ ಬೇಡದ ತುಂಡು, ಆದ್ದರಿಂದ ಆ ಜಾಗದ ಅತಿ ಹಳೆಯ ಹಳಿ ಅದರಲ್ಲೇ ಉಳಿದಿರುವ ಸಂಭವ ಹೆಚ್ಚು. ಮೇಲೂ ಕೆಳಗೂ ಒಂದೇ ಥರ ಉರುಟು ತಲೆ ಇದ್ದು ಅಗಲ ಪಾದವೇ ಇಲ್ಲದಿದ್ದರೆ, ಅದು ಎರಡು ತಲೆಯ ಹಳಿ, ಹಳಿ ಹಿಡಿಯುವ ಎರಕದ 'ಕುರ್ಚಿ'ಯಲ್ಲಿ ಮರದ ಬೆಣೆ ಬಡಿದು ಕೂರಿಸುತ್ತಿದ್ದ ಆರಂಭದ ಕಾಲದ್ದು. ಮಾಳಿಗೆಗೆ, ಬೇಲಿಗೆ ಏನೂ ಉಪಯೋಗವಿಲ್ಲ. ಗಂಟೆಯಾಗಿದ್ದ ತುಂಡಿನ ಗುರುತು ಹಿಡಿಯುವುದು ಸುಲಭ: ತುದಿಯಲ್ಲಿ ತೂತು, ತೂತಿನ ಅಂಚು ತಂತಿ ತಿಕ್ಕಿ ನುಣುಪಾಗಿರುತ್ತದೆ, ಒಂದು ಮಗ್ಗುಲಿನಲ್ಲಿ ಒಂದೇ ಜಾಗಕ್ಕೆ ಸುತ್ತಿಗೆ ಬಿದ್ದು ತಗ್ಗಾಗಿರುತ್ತದೆ. ಅದನ್ನು ಬಳಿಯಬೇಡಿ, ಉಜ್ಜಬೇಡಿ. ಯಾವ ಸ್ಟೇಷನ್ನಿನ ಲಾಟಿನಲ್ಲಿ ಬಂತೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.